ಎರಡನೆಯ ಬಟ್ಟಲು

‘ಇಲ್ಲ’ ಎಂದು ಹೇಳಿದ್ದು ಮಂಗಳವಾರ. ಇವತ್ತು ಶನಿವಾರ. ಆವತ್ತೇ ತಿದ್ದಿಕೊಂಡಿದ್ದರೆ ಅದು ಬರೀ ಮರೆವು ಎನಿಸಿಕೊಳ್ಳುತ್ತಿತ್ತು, ಮರುದಿನ ಹೇಳಿದ್ದರೆ ಸಂಕೋಚ ಎನ್ನಬಹುದಿತ್ತು. ಈಗ ಅದಕ್ಕೆ ಏನು ಹೆಸರು ಎಂದು ಮುಕುಂದ ಬಚ್ಚಲ ಕನ್ನಡಿಯ ಮುಂದೆ ನಿಂತು, ಬೆನ್ನಿಗೆ ಅಂಟಿದ ಅಂಗಿಯನ್ನು ಬಿಡಿಸಿಕೊಳ್ಳುತ್ತ ಯೋಚಿಸಿದ. ಅಂಗಿಯಿಂದ ತೊಯ್ದ ಹುಲ್ಲಿನ ವಾಸನೆ ಬರುತ್ತಿತ್ತು. ಈ ವಾಸನೆಯನ್ನು ಅವನು ಎಷ್ಟೋ ವರ್ಷಗಳ ಹಿಂದೆ ಧಾರವಾಡ ಬಿಟ್ಟು ಪಶುವೈದ್ಯಕೀಯ ಓದಲು ಹೋದಾಗ ಪುಸ್ತಕದಲ್ಲಿ ಓದಿದ್ದ: ಏರಿ ಇಳಿಯುವ ಜ್ವರ, ಸೊಂಟ ನೋವು, ಹಳಸಿದ ಹುಲ್ಲಿನ ವಾಸನೆಯ ಬೆವರು. ಆಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಈಗ ತನ್ನದೇ ಕಂಕುಳಿನಿಂದ ಎದ್ದು ಬರುತ್ತಿತ್ತು. ಮಂಗಳವಾರ ಆಸ್ಪತ್ರೆಯಲ್ಲಿ ಆ ಚಿಕ್ಕ ವಯಸ್ಸಿನ ಡಾಕ್ಟರು, ಒಳ್ಳೆಯ ಹುಡುಗಿ, ಪರದೆ ನೋಡಿಕೊಂಡು ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ಝಾಂಬಿಯಾದಿಂದ ಬಂದು ಎಷ್ಟು ದಿನವಾಯಿತು? ಸೊಳ್ಳೆ ಕಚ್ಚಿತ್ತೇ? ಪಶುಗಳನ್ನು ಮುಟ್ಟಿದಿರಾ? ಅದಕ್ಕೆ ಅವನು ‘ನನ್ನದೆಲ್ಲ ಕಂಪ್ಯೂಟರಿನ ಕೆಲಸ’ ಎಂದು ನಕ್ಕಿದ್ದ. ಆಮೇಲೆ ಆ ಪ್ರಶ್ನೆ: ಕಾಯಿಸದ ಹಾಲು, ಹಸಿ ಹಾಲಿನ ಮೊಸರು, ಇಂಥದ್ದೇನಾದರೂ ತೆಗೆದುಕೊಂಡಿದ್ದೀರಾ? ಪಕ್ಕದ ಕುರ್ಚಿಯಲ್ಲಿ ವಂದನಾ ಅವನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮುಕುಂದ ‘ಇಲ್ಲ’ ಎಂದ. ಎಷ್ಟು ಸಲೀಸಾಗಿ ಎಂದರೆ, ಅವನಿಗೇ ಅದು ನಿಜ ಅನ್ನಿಸಿಬಿಟ್ಟಿತು. ಡಾಕ್ಟರು ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋದಳು.

ಆಮೇಲೆ ರಕ್ತ ತೆಗೆದರು. ಮಲೇರಿಯಾ ಇಲ್ಲ ಎಂದು ಸಂಜೆಗೇ ಫೋನು ಬಂತು. ಉಳಿದ ರಕ್ತ ಎರಡು ಬಾಟಲಿಯಲ್ಲಿ ಲ್ಯಾಬಿಗೆ ಹೋಗಿತ್ತು, ಅಲ್ಲಿ ಬೆಚ್ಚಗಿನ ಯಂತ್ರದೊಳಗೆ ಕೂತು ಏನಾದರೂ ಬೆಳೆಯುತ್ತದೆಯೋ ಎಂದು ಕಾಯುತ್ತಿತ್ತು. ಅದರಲ್ಲಿ ಏನು ಬೆಳೆಯುತ್ತದೆ ಎಂಬುದು ಇಡೀ ಲಂಡನ್ನಿನಲ್ಲಿ ಮುಕುಂದನೊಬ್ಬನಿಗೆ ಗೊತ್ತಿತ್ತು. ದನ ಕಂದು ಹಾಕುವ ರೋಗದ ಅದೇ ರೋಗಾಣು, ಬ್ರುಸೆಲ್ಲಾ. ಅದರ ಸಂಶೋಧನೆಯೇ ಅವನ ಇಪ್ಪತ್ತು ವರ್ಷದ ಅನ್ನ. ಅದು ಮನುಷ್ಯರಿಂದ ಮನುಷ್ಯರಿಗೆ ಸುಲಭಕ್ಕೆ ಹತ್ತುವುದಿಲ್ಲ, ಹಾಗಾಗಿ ವಂದನಾಳಿಗೆ ಭಯವಿಲ್ಲ. ಆದರೆ ಲ್ಯಾಬಿನಲ್ಲಿ ತಟ್ಟೆಯ ಮೇಲೆ ಬೆಳೆಸಿ, ಗೊತ್ತಿಲ್ಲದೆ ತೆರೆದ ಮೇಜಿನ ಮೇಲೆ ಮುಚ್ಚಳ ಎತ್ತಿದವರ ಮೂಗಿನೊಳಗೆ ಹೋಗುವುದಕ್ಕೆ ಅದಕ್ಕೆ ಒಂದು ಉಸಿರು ಸಾಕು. ಅಂಥವರು ತಿಂಗಳುಗಟ್ಟಲೆ ಜ್ವರದಲ್ಲಿ ಬೇಯುತ್ತಾರೆ, ಕೆಲವರ ಸೊಂಟ ಮತ್ತೆ ನೆಟ್ಟಗಾಗುವುದಿಲ್ಲ. ಅದಕ್ಕೇ ಆ ಪ್ರಶ್ನೆ. ಹೌದು ಎಂದಿದ್ದರೆ ಬಾಟಲಿಗೆ ಒಂದು ಎಚ್ಚರಿಕೆಯ ಚೀಟಿ ಬೀಳುತ್ತಿತ್ತು, ಬೇರೆ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕಿ ಕೆಲಸ ಮಾಡುತ್ತಿದ್ದರು. ಇಷ್ಟೇ. ಒಂದು ಚೀಟಿ. ಫೋನು ಮಾಡಿ ಹೇಳಿದರೆ ಈಗಲೂ ಆಗುತ್ತದೆ ಎಂದು ಪ್ರತಿ ಬೆಳಿಗ್ಗೆ ಅಂದುಕೊಳ್ಳುತ್ತಿದ್ದ. ಬಾಟಲಿಯಲ್ಲಿ ಬೆಳೆಯದೆಯೂ ಹೋಗಬಹುದು. ಬೆಳೆದರೂ ಅವರು ಹೇಗೂ ಜಾಗ್ರತೆ ಮಾಡುತ್ತಾರೆ. ಇದು ಬರೀ ಫ್ಲೂ ಇರಬಹುದು. ಸಂಭವನೀಯತೆಯ ಲೆಕ್ಕ ಅವನ ಕಸುಬು. ಆ ಕಸುಬು ಹೀಗೆ ಸುಳ್ಳಿಗೆ ತಲೆದಿಂಬಾಗುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ. ಲ್ಯಾಬಿನಲ್ಲಿ ಮುಚ್ಚಳ ಎತ್ತುವವರಿಗೆ ಅವನ ಯೋಚನೆಯಲ್ಲಿ ಮುಖವೇ ಇರಲಿಲ್ಲ, ಬರೀ ನೀಲಿ ಕೈಗವಸು ಇತ್ತು.

“ಏನ್ರಿ, ಮತ್ತ ಅಂಗಿ ಬದಲಿ ಮಾಡಿದ್ರೇನು?” ಬಾಗಿಲಾಚೆಯಿಂದ ವಂದನಾ ಕೇಳಿದಳು. “ಜ್ವರ ಬಂದದನೇನು? ಮನ್ಯಾಗ ಇರ್ರಿ ಹಂಗಾರ, ನಾ ಒಬ್ಬಾಕಿನ ಹೋಗಿ ಪ್ರಸಾದ ತಗೊಂಡು ಬರ್ತೀನಿ.”

“ಏನಿಲ್ಲ, ನಡಿ. ಅಂಬುಜಾ ಬ್ಯಾಸರಾ ಮಾಡ್ಕೋತಾರ.”

ಲಂಡನ್ನಿನ ಅಂಚಿನ ಹ್ಯಾರೋದ ಆ ಬೀದಿಗಳಲ್ಲಿ ಎಲ್ಲ ಮನೆಗಳೂ ಜೋಡಿಜೋಡಿಯಾಗಿ ಪಕ್ಕೆಗೆ ಪಕ್ಕೆ ಆನಿಸಿ ನಿಂತಿದ್ದವು. ಪೂಜೆಗೆ ಕರೆದಿದ್ದ ಅಂಬುಜಾ ಅವರ ಮನೆ ಮೂರು ಬೀದಿ ಆಚೆ. ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲವೆಂದು ನಡೆದೇ ಹೊರಟರು. ವಂದನಾ ರೇಷ್ಮೆ ಸೀರೆಯ ಮೇಲೆ ಮಳೆಯ ಜಾಕೆಟು ಹಾಕಿಕೊಂಡು, ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಮುಂದೆ ಮುಂದೆ. ಅವಳು ಜಿಪಿ, ಬಡಾವಣೆಯ ಡಾಕ್ಟರು. ದಿನವಿಡೀ ಜನರ ಸಣ್ಣಸಣ್ಣ ಸುಳ್ಳು ಕೇಳುವುದೇ ಅವಳ ಕೆಲಸ: ಎಷ್ಟು ಕುಡಿಯುತ್ತೀರಿ, ಮಾತ್ರೆ ಸರಿಯಾಗಿ ನುಂಗುತ್ತೀರಾ. ಮನೆಗೆ ಬಂದು ನಗುತ್ತ ಹೇಳುವಳು, ‘ಎಲ್ಲಾರೂ ಅರ್ಧಾ ಹೇಳ್ತಾರ್ರಿ, ನಾ ಅದನ್ನ ಎರಡರಿಂದ ಗುಣಿಸ್ತೀನಿ.’ ಗಂಡನ ‘ಇಲ್ಲ’ವನ್ನು ಅವಳು ಯಾವುದರಿಂದಲೂ ಗುಣಿಸಿರಲಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೇನು. ಮುಕುಂದನಿಗೆ ಒಂದೊಂದು ಹೆಜ್ಜೆಗೂ ಸೊಂಟದಲ್ಲಿ ಯಾರೋ ಮೊಳೆ ಇಟ್ಟು ನೋಡಿದಂತಾಗುತ್ತಿತ್ತು. ಅವಳು ತಿರುಗಿ ನೋಡಿದಾಗಲೆಲ್ಲ ಅವನು ಯಾರದೋ ಮನೆಯ ಗುಲಾಬಿ ನೋಡುತ್ತ ನಿಂತವನಂತೆ ನಟಿಸಿದ. ಈ ದೇಶದಲ್ಲಿ ಅಕ್ಟೋಬರಿನಲ್ಲೂ ಗುಲಾಬಿ ಬಿಡುತ್ತದೆ, ನಟಿಸುವವರಿಗೆ ಅನುಕೂಲ.

ಝಾಂಬಿಯಾದ ಆ ನದೀಬಯಲಿನಲ್ಲಿ ಮಳೆಗಾಲ ಮುಗಿದ ಮೇಲೆ ನೀರು ಹಿಂದೆ ಸರಿದು ಹುಲ್ಲು ಎದ್ದಾಗ, ಮನೆಯ ದನಗಳೂ ಲೆಚ್ವೆ ಎನ್ನುವ ಕೆಂಚು ಜಿಂಕೆಗಳೂ ಒಂದೇ ಹುಲ್ಲು ಮೇಯುತ್ತಿದ್ದವು. ಜಿಂಕೆಯಿಂದ ದನಕ್ಕೋ ದನದಿಂದ ಜಿಂಕೆಗೋ, ಆಮೇಲೆ ಹಾಲಿನಿಂದ ಮನುಷ್ಯರಿಗೆ, ರೋಗ ಹೇಗೆ ದಾಟುತ್ತದೆ ಎಂದು ಹುಡುಕುವುದು ಅವನ ತಂಡದ ಕೆಲಸ. ಮೂರು ಬಗೆಯ ರಕ್ತ ಬೇಕು: ಕಾಡು ಪ್ರಾಣಿಯದು, ದನದ್ದು, ಜನರದ್ದು. ಜನರ ರಕ್ತದ ಜೊತೆ ಪ್ರಶ್ನೆಗಳು. ಆ ಪ್ರಶ್ನೆಗಳನ್ನು ಬರೆದವನು ಮುಕುಂದನೇ. ‘ಹಾಲನ್ನು ಕಾಯಿಸದೆ ಕುಡಿಯುತ್ತೀರಾ?’ ಹಳ್ಳಿಗೆ ಹಳ್ಳಿಯೇ ಇಲ್ಲ ಎಂದಿತ್ತು, ರಕ್ತ ಮಾತ್ರ ಹೌದು ಎಂದಿತ್ತು. ಲಂಡನ್ನಿನ ಸಭೆಯಲ್ಲಿ ಆ ಅಂತರವನ್ನು ಪರದೆಯ ಮೇಲೆ ತೋರಿಸಿ, ‘ನಮ್ಮ ಜನ ಪ್ರಾಮಾಣಿಕರು, ಅವರ ನಾಲಿಗೆಗಿಂತ ಅವರ ರಕ್ತ ಇನ್ನೂ ಪ್ರಾಮಾಣಿಕ’ ಎಂದು ಅವನು ಚಟಾಕಿ ಹಾರಿಸಿದಾಗ ಎಲ್ಲರೂ ನಕ್ಕಿದ್ದರು. ಮುಟಿಂಟಾ ಎಂಬ ಹೆಂಗಸು ಕೂಡ ಇಲ್ಲ ಎಂದಿದ್ದಳು. ಅವಳ ಬೆನ್ನ ಹಿಂದೆ ಗೋಡೆಯ ಗೂಟಕ್ಕೆ ಹಾಲು ಹುಳಿಯಲು ಇಟ್ಟ ಸೋರೆಬುರುಡೆ ತೂಗುತ್ತಿತ್ತು. ಕೇಳುವವನಿಗೂ ಅದು ಕಾಣುತ್ತಿತ್ತು, ಹೇಳುವವಳಿಗೂ ಅದು ಕಾಣುತ್ತದೆಂದು ಗೊತ್ತಿತ್ತು. ಆದರೂ ಪ್ರಶ್ನೆ ಕೇಳಲಾಯಿತು, ಉತ್ತರ ಹೇಳಲಾಯಿತು. ದುಭಾಷಿ ನೆಲ ನೋಡಿದ. ಪ್ರಶ್ನೆ ಮುಗಿದ ಮೇಲೆ ಅವಳು ಎದ್ದು, ಬುರುಡೆ ಇಳಿಸಿ, ಜೋಳದ ಮುದ್ದೆಯ ಪಕ್ಕ ಒಂದು ಬಟ್ಟಲಿಗೆ ಹುಳಿಹಾಲು ಬಗ್ಗಿಸಿ ಎರಡೂ ಕೈಯಿಂದ ಹಿಡಿದು ಅವನ ಮುಂದೆ ಮೊಣಕಾಲೂರಿದಳು. ಅವರ ಪದ್ಧತಿ ಅದು, ಬಂದವರಿಗೆ ನಿಂತು ಕೊಡುವುದಿಲ್ಲ. ಬೇಡ ಎಂದರೆ ಅವಳ ಮನೆಯನ್ನೇ ಕೊಳಕು ಎಂದಂತೆ. ಹಾಲು ಕೊಟ್ಟರೆ ಬೇಡ ಅನ್ನಬಾರದು ಎಂದು ಅವನ ಅವ್ವನೂ ಹೇಳುತ್ತಿದ್ದಳಲ್ಲ. ಬೇಡ ಎನ್ನಲು ಆಗಲಿಲ್ಲ. ಬಟ್ಟಲನ್ನು ತುಟಿಗಿಟ್ಟಾಗ ಹೊಗೆಯ ವಾಸನೆ ಬಂತು, ಕುಳ್ಳಿನ ಬೆಂಕಿಯ ಮೇಲೆ ಕೆಂಪಗೆ ಕಾಯ್ದ ಹಾಲಿಗೆ ಅವ್ವ ಹೆಪ್ಪು ಹಾಕಿದ ಮೊಸರಿನ ವಾಸನೆಯೇ. ಹೊಗೆ ಇದ್ದ ಮೇಲೆ ಬೆಂಕಿ ಇದ್ದೀತು, ಬೆಂಕಿ ಇದ್ದ ಮೇಲೆ ಹಾಲು ಕಾಯ್ದೀತು ಎಂದು ಒಂದು ಗಳಿಗೆ ತರ್ಕ ಹೂಡಿದ. ಬುರುಡೆಯನ್ನು ಮಾತ್ರ ಹೊಗೆಗೆ ಹಿಡಿಯುತ್ತಾರೆ, ಹಾಲನ್ನಲ್ಲ, ಎಂದು ತಾನೇ ಒಂದು ಲೇಖನದಲ್ಲಿ ಬರೆದದ್ದು ನೆನಪಿದ್ದೂ ಕುಡಿದ. ನೆನಪು ಪ್ರತಿ ಸಲವೂ ಅಲ್ಲಿಗೇ, ಮೊದಲ ಬಟ್ಟಲು ಬರಿದಾದಲ್ಲಿಗೇ ನಿಲ್ಲುತ್ತಿತ್ತು.

ಶಮಂತ ಇಲ್ಲದಿದ್ದರೆ ಇದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಬೆಂಗಳೂರಿನ ಹುಡುಗ, ಪಿಎಚ್‌ಡಿಗೆಂದು ಬಂದವನು, ಹೋದ ವರ್ಷ ಅದೇ ಬಯಲಿನ ಇನ್ನೊಂದು ಹಳ್ಳಿಯಲ್ಲಿ ಹಾಲು ಕುಡಿದು ಸಿಕ್ಕಿಬಿದ್ದಿದ್ದ. ಸಿಕ್ಕಿಬಿದ್ದ ಎಂದರೆ ತಾನೇ ಬಂದು ಹೇಳಿದ್ದ, ಮಾರನೆಯ ದಿನವೇ. ಹಳ್ಳಿಯವರ ಮನೆಯಲ್ಲಿ ತಂಡದವರು ಏನೂ ಸೇವಿಸಕೂಡದು, ಸೇವಿಸಿದವರು ಹಳ್ಳಿಯ ಕೆಲಸದಿಂದ ಹೊರಗೆ ಎಂಬ ನಿಯಮ ಬರೆದವನೂ ಮುಕುಂದನೇ. ‘ಸರ್, ಅಷ್ಟು ಪ್ರೀತಿಯಿಂದ ಕೊಟ್ರು, ಹೇಗೆ ಬೇಡ ಅನ್ನೋದು?’ ಎಂದಿದ್ದ ಶಮಂತ. ‘ಪ್ರೀತಿಯನ್ನ ಕಾಯಿಸಿ ಕುಡೀಬೇಕಪ್ಪ’ ಎಂದು ಎಲ್ಲರ ಎದುರಿಗೆ ಹೇಳಿ, ಅವನನ್ನು ಲಂಡನ್ನಿಗೆ ವಾಪಸು ಕಳಿಸಿದ್ದ. ಆ ಮಾತು ತಂಡದಲ್ಲಿ ಗಾದೆಯಾಯಿತು. ಹುಡುಗ ಈಗ ಲಂಡನ್ನಿನ ಇನ್ನೊಂದು ಮೂಲೆ ಟೂಟಿಂಗಿನಲ್ಲಿ ಒಂದು ಕೋಣೆಯಲ್ಲಿ ಕೂತು ಯಾರೋ ತಂದುಕೊಟ್ಟ ಅಂಕಿಗಳನ್ನು ತಿದ್ದುತ್ತಾನೆ. ಸಭೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಾನೆ. ಅವನಿಗೆ ಜ್ವರ ಬರಲಿಲ್ಲ, ಅದೃಷ್ಟ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎಂದು ಅವನು ಅನ್ನುವುದಿಲ್ಲ. ಒಳ್ಳೆಯ ಹುಡುಗ, ಏನೂ ಅನ್ನದೆ ಸುಮ್ಮನೆ ನೋಡುತ್ತಾನೆ. ಆ ನೋಟವನ್ನು ಯೋಚಿಸಿದರೆ ಮುಕುಂದನಿಗೆ ಜ್ವರಕ್ಕಿಂತ ಹೆಚ್ಚು ಚಳಿಯಾಗುತ್ತಿತ್ತು. ಹೇಳಿದರೆ ತಾನೂ ಹೊರಗೆ. ಆ ಬಯಲು, ಬೆಳಗಿನ ಮಂಜಿನಲ್ಲಿ ಮೊಣಕಾಲಿನವರೆಗೆ ನೀರಲ್ಲಿ ನಿಂತ ಜಿಂಕೆ ಹಿಂಡು, ಎಲ್ಲ ಇನ್ನು ಮುಂದೆ ಯಾರದೋ ಫೋಟೋದಲ್ಲಿ.

“ಬನ್ನಿ ಬನ್ನಿ, ಇಷ್ಟೊತ್ತಾ ಬರೋದು? ಇನ್ನೇನು ಕತೆ ಮುಗಿಯುತ್ತೆ,” ಎಂದು ಅಂಬುಜಾ ಬಾಗಿಲಲ್ಲೇ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಮೈಸೂರಿನವರು, ಇಲ್ಲಿಗೆ ಬಂದು ಮೂವತ್ತು ವರ್ಷವಾದರೂ ಮಾತಿನಲ್ಲಿ ಒಗ್ಗರಣೆ ಕೆಟ್ಟಿಲ್ಲ. “ಏನ್ ಮುಕುಂದ್, ಹೀಗೆ ಇಳಿದುಹೋಗಿದೀರಾ? ವಂದನಾ, ಊಟ ಹಾಕ್ತಿಲ್ವೇನಮ್ಮ ನೀನು?”

ಮುಂದಿನ ಕೋಣೆಯ ಸೋಫಾಗಳನ್ನು ಗೋಡೆಗೆ ತಳ್ಳಿ, ಹೊಗೆಗೆ ಅರಚುವ ಅಲಾರಮ್ಮಿಗೆ ಶವರ್ ಕ್ಯಾಪ್ ತೊಡಿಸಿ, ಸತ್ಯನಾರಾಯಣ ಪೂಜೆ ನಡೆದಿತ್ತು. ಪುರೋಹಿತರು ಕತೆಯ ಕೊನೆಯ ಭಾಗಕ್ಕೆ ಬಂದಿದ್ದರು: ಕಾಡಿನಲ್ಲಿ ದನ ಕಾಯುವ ಗೊಲ್ಲರು ಭಕ್ತಿಯಿಂದ ಕೊಟ್ಟ ಪ್ರಸಾದವನ್ನು ದೊಡ್ಡಸ್ತಿಕೆಯಿಂದ ಮುಟ್ಟದೆ ಎದ್ದುಹೋದ ರಾಜ ಎಲ್ಲವನ್ನೂ ಕಳೆದುಕೊಂಡದ್ದು, ಮತ್ತೆ ಬಂದು ಗೊಲ್ಲರ ನಡುವೆ ಕೂತು ತಿಂದದ್ದು. ಚಿಕ್ಕಂದಿನಿಂದ ಕೇಳಿದ ಕತೆ. ಇವತ್ತು ಅದು ತನ್ನ ಪರವಾಗಿ ವಕೀಲಿ ಮಾಡಲು ಬಂದಂತೆ ಮುಕುಂದನಿಗೆ ಅನ್ನಿಸಿ, ಒಂದು ಗಳಿಗೆ ಹಿತವಾಯಿತು. ನೋಡು, ದನಗಾಹಿಗಳು ಕೊಟ್ಟದ್ದನ್ನು ಬೇಡ ಅನ್ನಬಾರದು, ದೇವರೇ ಹೇಳಿದ್ದಾನೆ. ಆದರೆ ದೇವರು ಲ್ಯಾಬಿನವರ ವಿಷಯ ಏನೂ ಹೇಳಿರಲಿಲ್ಲ. ಗೋಡೆಗೆ ಆನಿಕೊಂಡು ಕೂತವನಿಗೆ ಊದುಬತ್ತಿ, ತುಪ್ಪ, ಒದ್ದೆ ಜಾಕೆಟುಗಳ ವಾಸನೆಯ ನಡುವೆ ತನ್ನದೇ ಬೆವರಿನ ವಾಸನೆ ಎಲ್ಲರಿಗೂ ತಿಳಿಯುತ್ತಿದೆ ಎನ್ನಿಸಿ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡ. ಮಂಗಳಾರತಿ ಆಯಿತು. ಅಂಬುಜಾ ಬೆಳ್ಳಿ ಬಟ್ಟಲಲ್ಲಿ ಪಂಚಾಮೃತ ಹಿಡಿದು ಒಬ್ಬೊಬ್ಬರ ಅಂಗೈಗೂ ಉದ್ಧರಣೆಯಿಂದ ಹಾಕುತ್ತ ಬಂದರು. “ಈ ಸಲ ನಿಜವಾದ ಹಸಿ ಹಾಲು! ಕಾಯಿಸಿದ ಹಾಲು ಅಭಿಷೇಕಕ್ಕಾಗಲ್ಲ ನೋಡಿ. ಚಂದ್ರು ಬೆಳಿಗ್ಗೆ ಎದ್ದು ಅಷ್ಟು ದೂರ ಫಾರ್ಮಿಗೇ ಹೋಗಿ ತಂದ್ರು.” ಅವರ ಗಂಡ ಚಂದ್ರಶೇಖರ್ ಹೆಮ್ಮೆಯಿಂದ ಪಂಚೆ ಸರಿಮಾಡಿಕೊಂಡರು. ಯಾರೋ, “ಅಯ್ಯೋ, ಹಸಿ ಹಾಲಾ? ಸೇಫ್ ತಾನೆ?” ಎಂದರು. ಕೂಡಲೇ ಎಲ್ಲರ ಕಣ್ಣೂ ಮುಕುಂದನ ಕಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ತಾನಾಗಿ ಬಾಯಿ ಒರೆಸಿಕೊಂಡಿತು. “ಹೇಳಿ ಮುಕುಂದ್, ನೀವೇ ಅಥಾರಿಟಿ ಇದರಲ್ಲಿ!” ಎಂದರು ಚಂದ್ರಶೇಖರ್.

“ಇಲ್ಲಿಯ ದನಗಳಲ್ಲಿ ಆ ರೋಗ ಇಲ್ಲ,” ಎಂದ ಮುಕುಂದ. “ಆದರೂ ಮಕ್ಕಳಿಗೆ, ಬಸುರಿಯರಿಗೆ ಬ್ಯಾಡ.” ದನಿ ಎಷ್ಟು ಗಂಭೀರವಾಗಿತ್ತೆಂದರೆ ಇಬ್ಬರು ತಾಯಂದಿರು ಮಕ್ಕಳ ಅಂಗೈಯನ್ನು ಹಿಂದಕ್ಕೆ ಎಳೆದುಕೊಂಡರು. ತಜ್ಞ. ತನ್ನ ದನಿ ತನಗೇ ಅಸಹ್ಯವಾಯಿತು.

ಆಗ ಅಡುಗೆಮನೆಯಿಂದ ಸಜ್ಜಿಗೆಯ ತಟ್ಟೆ ಹಿಡಿದು ತನ್ಮಯಿ ಬಂದಳು. ಅಂಬುಜಾ ಅವರ ಮಗಳು. ಸೀರೆಯ ಕೆಳಗೆ ಓಟದ ಬೂಟು ಹಾಕಿದ್ದಳು, ಇನ್ನರ್ಧ ಗಂಟೆಯಲ್ಲಿ ಕೆಲಸಕ್ಕೆ ಹೊರಡಬೇಕಂತೆ. ಅವಳ ಕೆಲಸ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ. ಇದು ಮುಕುಂದನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಎಷ್ಟೋ ವರ್ಷದಿಂದ ಗೊತ್ತು. ಆದರೂ ಈ ನಾಲ್ಕು ದಿನದಲ್ಲಿ ಒಮ್ಮೆಯೂ ಆ ನೀಲಿ ಕೈಗವಸಿನೊಳಗೆ ಅವನು ಅವಳ ಕೈಯನ್ನು ಇಟ್ಟು ನೋಡಿರಲಿಲ್ಲ. ನೋಡದ ಹಾಗೆ ತಾನೇ ಜಾಗ್ರತೆ ವಹಿಸಿದ್ದನೇನೋ. ಅವನ ಪಕ್ಕ ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತು, ಅವಳು ಎಂದಿನಂತೆ ಇಂಗ್ಲಿಷು ಕನ್ನಡ ಕಲಸಿ ಮಾತಾಡತೊಡಗಿದಳು. ಹದಿನಾರರ ವಯಸ್ಸಿನಲ್ಲಿ ಎರಡು ವಾರ ಅವನ ಲ್ಯಾಬಿಗೆ ಬಂದು ಹೋದಾಗಿನಿಂದ, ಎಲ್ಲರಿಗಿಂತ ಮೊದಲು ಅವನಿಗೆ ವರದಿ ಒಪ್ಪಿಸುವುದು ಅವಳ ಅಭ್ಯಾಸ.

“ಅಂಕಲ್, ಯು ವಿಲ್ ಲವ್ ದಿಸ್. ನಿನ್ನೆ ಒಂದು ಬ್ಲಡ್ ಬಾಟಲ್, ಹೆಸರಿಲ್ಲ, ಬರೀ ನಂಬರ್, ಏನೋ ಬೆಳೆದಿದೆ ಅಂತ ಬೀಪ್ ಆಯ್ತು. ಸ್ಲೈಡ್ ಮಾಡಿ ನೋಡಿದ್ರೆ ಏನೋ ಟೈನಿ ಟೈನಿ. ಲೈಕ್ ಸಣ್ಣ ಮರಳು. ಯಾರೋ ಚೆಲ್ಲಿರೋ ಹಾಗೆ. ಐ ಹ್ಯಾವ್ ನೆವರ್ ಸೀನ್ ಇಟ್. ಪ್ಲೇಟ್ ಹಾಕಿದೀನಿ, ಇವತ್ತು ಓಪನ್ ಮಾಡಿದ್ರೆ ಗೊತ್ತಾಗುತ್ತೆ.” ಆಮೇಲೆ ಮೂಗನ್ನು ಬೆರಳಿನಿಂದ ತಟ್ಟಿಕೊಂಡು ನಕ್ಕಳು. “ಮಷೀನ್‌ಗೆ ಮೊದಲು ಈ ಮಷೀನ್. ಎಲ್ಲರೂ ಬೈತಾರೆ, ಬಟ್ ಐ ಆಮ್ ಆಲ್ವೇಸ್ ರೈಟ್. ನೀವೇ ಕಲಿಸಿದ್ದಲ್ವಾ?”

ಕಲಿಸಿದ್ದು ಅವನೇ. ಮುಚ್ಚಳ ಸ್ವಲ್ಪ ಎತ್ತಿ, ಅಂಗೈಯಿಂದ ಗಾಳಿ ಬೀಸಿ ಮೂಗಿನ ಹತ್ತಿರ ತಂದುಕೊಳ್ಳುವುದು: ಇದು ದ್ರಾಕ್ಷಿಯ ವಾಸನೆ, ಇದು ಮಳೆ ಬಿದ್ದ ಮಣ್ಣಿನದು, ಇದು ಹಳೇ ಬೆಣ್ಣೆಯದು. ಪುಸ್ತಕದಲ್ಲಿ ಮಾಡಬೇಡಿ ಎಂದು ಬರೆದದ್ದನ್ನು, ಹಳೆಯ ಗುರುಗಳಿಂದ ಬಂದ ವಿದ್ಯೆಯೆಂಬ ಜಂಬದಿಂದ, ಜಡೆ ಹಾಕಿಕೊಂಡ ಒಂದು ಹುಡುಗಿಗೆ ದಾಟಿಸಿದ್ದ. ಆಗ ಅವಳು ಕಣ್ಣು ಮುಚ್ಚಿ ‘ದ್ರಾಕ್ಷಿ!’ ಎಂದು ಕೂಗಿದ್ದು, ಇಡೀ ಲ್ಯಾಬು ಚಪ್ಪಾಳೆ ತಟ್ಟಿದ್ದು. ಸಣ್ಣ ಮರಳು. ಪಠ್ಯಪುಸ್ತಕದಲ್ಲಿ ಬ್ರುಸೆಲ್ಲಾಗೆ ಅದೇ ಮಾತು ಇದೆ. ಮಾತು ಮುಗಿಸಿ ಅವಳು ಅವನ ಕೈಗೆ ಸಜ್ಜಿಗೆಯ ದೊನ್ನೆ ಇಟ್ಟಳು. ಮುಕುಂದನಿಗೆ ಕೋಣೆಯ ಸದ್ದೆಲ್ಲ ದೂರ ಹೋಗಿ ಅವಳ ಮೂಗು ಮಾತ್ರ ಕಂಡಿತು: ಅಂಬುಜಾ ಹಠ ಮಾಡಿ ಚುಚ್ಚಿಸಿದ, ಇವತ್ತಷ್ಟೇ ಹಾಕಿಕೊಂಡ ಚಿಕ್ಕ ಹರಳಿನ ಮೂಗುಬೊಟ್ಟು. ಭಯ ಎಂದರೆ ಭಯ. ಈಗಲೂ ಒಂದು ದಾರಿ ಇತ್ತು, ಅದೂ ಹೊಳೆಯಿತು: ‘ತನ್ಮಯಿ, ಅದು ಬ್ರುಸೆಲ್ಲಾ ಇರಬಹುದು ನೋಡಮ್ಮ, ಜ್ವಾಕಿ’ ಎಂದು ತಜ್ಞನ ದನಿಯಲ್ಲೇ ಹೇಳಿಬಿಡುವುದು. ಅವಳ ಜೀವವೂ ಉಳಿಯಿತು, ತನ್ನ ಮಾನವೂ ಉಳಿಯಿತು. ‘ಅಂಕಲ್ ಎಷ್ಟು ಬ್ರಿಲಿಯಂಟ್’ ಎಂದು ನಾಳೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಆ ದಾರಿ ಎಷ್ಟು ನುಣುಪಾಗಿತ್ತೆಂದರೆ ಅವನ ಬಾಯಿ ಆಗಲೇ ತೆರೆದಿತ್ತು.

“ಆ ರಕ್ತ ನಂದು,” ಎಂದ.

ಅವಳಿಗೆ ಅರ್ಥವಾಗಲಿಲ್ಲ. “ಸಾರಿ?”

“ಆ ಬಾಟಲಿ ನಂದವಾ. ಅದು ಬ್ರುಸೆಲ್ಲಾ. ಪ್ಲೇಟ್ ತೆಗೀಬ್ಯಾಡ. ವಾಸನಿ ನೋಡಬ್ಯಾಡ. ಈಗ ಫೋನ್ ಮಾಡು ಲ್ಯಾಬಿಗೆ, ಯಾರೂ ಮುಟ್ಟಬಾರದು ಅಂತ ಹೇಳು.” ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದ, ದನಿ ಏರಿಹೋಗಿತ್ತು. ಪಂಚಾಮೃತದ ಬಟ್ಟಲು ಹಿಡಿದ ಅಂಬುಜಾ ಅಲ್ಲೇ ನಿಂತರು. “ನಾನು ಹಸಿ ಹಾಲು ಕುಡಿದಿದ್ದೆ ಅಲ್ಲಿ. ಆಸ್ಪತ್ರ್ಯಾಗ ಕೇಳಿದ್ರು. ಇಲ್ಲ ಅಂತ ಹೇಳಿದೆ.”

ತನ್ಮಯಿಯ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಎದ್ದು, ಫೋನು ಹಿಡಿದು ಅಡುಗೆಮನೆಗೆ ಹೋದಳು. ಗಾಜಿನ ಬಾಗಿಲಾಚೆ ಅವಳು ವೇಗವಾಗಿ ಮಾತಾಡುವುದು, ಒಂದು ಕೈಯಿಂದ ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದಿರುವುದು ಕಾಣುತ್ತಿತ್ತು. ಪುರೋಹಿತರು ತೆಂಗಿನಕಾಯಿಗಳನ್ನು ಚೀಲಕ್ಕೆ ಹಾಕಿಕೊಳ್ಳುವುದನ್ನು ಮುಂದುವರಿಸಿದರು. ಆಮೇಲೆ ಅವಳು ಬಂದು, ಎಲ್ಲರ ಮುಂದೆ, ಕನ್ನಡದಲ್ಲೇ ಹೇಳಿದಳು:

“ಪ್ಲೇಟ್ ಇನ್ನೂ ಯಾರೂ ತೆಗೆದಿಲ್ಲ. ಒಳಗಿನ ರೂಮಿಗೆ ಹಾಕ್ತಾರೆ. ಆದ್ರೆ ನಿನ್ನೆ ಸ್ಲೈಡ್ ಮಾಡಿದ್ದು ನಾನು. ಓಪನ್ ಬೆಂಚ್ ಮೇಲೆ.” ಸ್ವಲ್ಪ ತಡೆದು ಕೇಳಿದಳು, “ನಿಮಗೆ ಮಂಗಳವಾರದಿಂದ ಗೊತ್ತಿತ್ತಾ, ಅಂಕಲ್?”

“ಹೌದು.”

“ನಾನು ಮಾತ್ರೆ ತಗೋಬೇಕಾಗತ್ತೆ. ಮೂರು ವಾರ.”

“ಹೌದವಾ. ತಪ್ಪದ ತಗೋ. ನನ್ನದು ಭಾಳ ತಪ್ಪಾತು.”

ಅವಳು ತಲೆಯಾಡಿಸಿದಳು. ಕ್ಷಮಿಸಿದಳೆಂದಲ್ಲ, ಕೇಳಿಸಿತು ಎಂಬಂತೆ. ಅಂಬುಜಾ ಬಟ್ಟಲನ್ನು ದೇವರ ಮುಂದೆ ಇಟ್ಟು ಮಗಳ ಹಿಂದೆ ಒಳಗೆ ಹೋದರು. ಹೋಗುವಾಗ ಮುಕುಂದನನ್ನು ನೋಡಲಿಲ್ಲ. ಅದು ಸರಿಯೇ ಎಂದು ಅವನಿಗೆ ಅನ್ನಿಸಿತು. ವಂದನಾ ಆಗಲೇ ಆಸ್ಪತ್ರೆಗೆ ಫೋನು ಹಚ್ಚಿ, ಹೆಸರು, ಹುಟ್ಟಿದ ತಾರೀಖು ಎಲ್ಲ ಹೇಳಿ, ಡ್ಯೂಟಿಯಲ್ಲಿದ್ದ ಡಾಕ್ಟರನ್ನು ಹಿಡಿದಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ, ಕ್ಲಿನಿಕ್ಕಿನಲ್ಲಿ ಕೂತಾಗ ಇರುವ ಮುಖ. ಫೋನನ್ನು ಅವನ ಕೈಗೆ ಕೊಟ್ಟು ಸ್ಪೀಕರ್ ಒತ್ತಿದಳು. ಮಂಗಳವಾರದ ಅದೇ ಹುಡುಗಿಯ ದನಿ. ಬೈಯಲಿಲ್ಲ, ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದಳು. ಸಂಜೆಯೇ ಬಂದು ಔಷಧ ಶುರುಮಾಡಬೇಕು ಎಂದಳು. ಮತ್ತೆ ಕೀಲಿಮಣೆಯ ಸದ್ದಿನ ನಡುವೆ ಕೇಳಿದಳು, ಎಷ್ಟು ಕುಡಿದಿರಿ? ಅವನು ತಡವರಿಸಿದ್ದನ್ನು ಕೇಳಿ, ಪಾಪ, ತಾನೇ ಸಹಾಯಕ್ಕೆ ಬಂದಳು: ಮರ್ಯಾದೆಗೆಂದು ಒಂದು ಗುಟುಕು ಇರಬಹುದು, ಅಲ್ಲವೇ? ಆ ಮಾತು ಮೆತ್ತನೆಯ ಕುರ್ಚಿ ಎಳೆದುಕೊಟ್ಟಂತಿತ್ತು. ವಂದನಾ ಅವನ ಮುಖ ನೋಡುತ್ತಿದ್ದಳು, ಎರಡರಿಂದ ಗುಣಿಸಲು ತಯಾರಾಗಿ.

“ಇಲ್ಲ,” ಎಂದ ಮುಕುಂದ ಇಂಗ್ಲಿಷಿನಲ್ಲಿ. “ಎರಡು ಬಟ್ಟಲು ಪೂರ್ತಿ. ಮೊದಲನೆಯದು ಅವರು ಕೊಟ್ಟದ್ದು. ಎರಡನೆಯದು ನಾನೇ ಕೇಳಿ ಹಾಕಿಸಿಕೊಂಡದ್ದು.”

ಹೊರಗೆ ಬಂದಾಗ ಮಳೆ ಹನಿಯುತ್ತಿತ್ತು. ಮನೆಗೆ ಹೋಗಿ ಕಾರು ತೆಗೆದು ಆಸ್ಪತ್ರೆಗೆ ಹೋಗಬೇಕು. ಈಗ ವಂದನಾ ಮುಂದೆ ಮುಂದೆ ನಡೆಯಲಿಲ್ಲ. ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಒಂದು ಬೀದಿ ದಾಟಿದಳು. ಅವನು ಕಾಯುತ್ತಿದ್ದ. ನನಗೂ ಹೇಳಲಿಲ್ಲವಲ್ಲ ಎಂದು ಅವಳು ಈಗ ಕೇಳುತ್ತಾಳೆ. ಅವಳ ಕಣ್ಣು ತುಂಬಿತ್ತು, ಸಿಟ್ಟಿಗೂ ಇರಬಹುದು. “ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಂತ,” ಎಂದಳು ಕೊನೆಗೆ, ಮೂಗೆಳೆದುಕೊಂಡು. ಇನ್ನಷ್ಟು ದೂರ ಹೋದ ಮೇಲೆ, “ಆ ಹುಡುಗಿಗೆ ಏನರ ಆದರ ನಿಮ್ಮನ್ನ ನಾ ಬಿಡಂಗಿಲ್ಲ,” ಎಂದಳು. ಆಮೇಲೆ ಅವನ ಮೊಣಕೈ ಹಿಡಿದುಕೊಂಡಳು. “ಎರಡನೇ ಬಟ್ಟಲಾ ಯಾಕ ಕೇಳಿದ್ರಿ?”

“ರುಚಿ ಇತ್ತು.”

ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಮುಟಿಂಟಾ ನಕ್ಕಿದ್ದಳು, ಅವನು ಖಾಲಿ ಬಟ್ಟಲು ಮುಂದೆ ಚಾಚಿದಾಗ, ಬಾಯಿಗೆ ಕೈ ಅಡ್ಡ ಹಿಡಿದು. ಒಳಗಿದ್ದ ಸೊಸೆಯನ್ನೂ ಕರೆದು ತೋರಿಸಿದ್ದಳು. ಆ ಮನೆಯಲ್ಲಿ ಅವನು ಪ್ರಶ್ನೆಯ ಕಾಗದ ಮಡಚಿಟ್ಟು ಕೂತ ಹತ್ತು ನಿಮಿಷ ಅದೊಂದೇ. ಇಪ್ಪತ್ತು ವರ್ಷದಲ್ಲಿ ಎಷ್ಟೊಂದು ಪ್ರಶ್ನೆ ಬರೆದಿದ್ದ: ಕಾಯಿಸುತ್ತೀರಾ, ಯಾರು ಕರೆಯುತ್ತಾರೆ, ಕಂದು ಹಾಕಿದ ದನವನ್ನು ಯಾರು ಮುಟ್ಟುತ್ತಾರೆ. ಹಾಲು ರುಚಿಯಾಗಿರುತ್ತದೆಯೇ ಎಂದು ಯಾರನ್ನೂ ಕೇಳಿರಲಿಲ್ಲ. ಮನೆಯ ಗೇಟಿನ ಹತ್ತಿರ ವಂದನಾ ಕಾರಿನ ಕೀಲಿ ತರಲು ಒಳಗೆ ಹೋದಳು. ಮುಕುಂದ ಮಳೆಯಲ್ಲೇ ನಿಂತು ಫೋನು ತೆಗೆದ. ಜ್ವರ ಏರುತ್ತಿತ್ತು. ಆಚೆಯಿಂದ ಬಹಳ ಹೊತ್ತಿನ ಮೇಲೆ, “ಸರ್?” ಎಂಬ ದನಿ ಬಂತು, ಏನು ತಪ್ಪಾಯಿತೋ ಎಂಬ ಅಂಜಿಕೆಯ ದನಿ.

“ಶಮಂತ,” ಎಂದ. ಹೇಳಬೇಕಾದ್ದನ್ನೆಲ್ಲ ಹೇಳಿದ, ಬಟ್ಟಲು, ಆಸ್ಪತ್ರೆ, ತನ್ಮಯಿ, ಯಾವುದನ್ನೂ ಬಿಡದೆ. ಕೊನೆಗೆ ಕೇಳಿದ: “ಹೋದ ವರ್ಷ ನೀ ಕುಡಿದದ್ದು. ಅದು ಹೆಂಗಿತ್ತೋ, ನಾ ಕೇಳಲೇ ಇಲ್ಲ ನಿನಗ.”

ಟೂಟಿಂಗಿನ ಆ ಕೋಣೆಯಲ್ಲಿ ಹುಡುಗ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದಾಯಿತು.

“ತುಂಬಾ ಚೆನ್ನಾಗಿತ್ತು, ಸರ್,” ಎಂದ.